ಸಾತುರ್ನಿನೋನ ಮೂಗು

ನಮ್ಮ ಬೀದಿಯ ಒಂದೊಂದು ವೈನ್ ಬಾರಿನಲ್ಲೂ ಒಂದೇ ತಿಂಡಿ. ಎದುರಿನವನದು ಬೆಳ್ಳುಳ್ಳಿ ಹಾಕಿ ಹುರಿದ ಅಣಬೆ, ಪಕ್ಕದವಳದು ಕರಿದ ಹಂದಿಕಿವಿ, ನನ್ನದು ಬ್ರೆಡ್ಡಿನ ಚೂರಿನ ಮೇಲೆ ಉಪ್ಪುಮೀನು, ಅದರ ನೆತ್ತಿಗೊಂದು ಮೆಣಸಿನಕಾಯಿ. ಇಲ್ಲೊಂದು ತುತ್ತು, ಒಂದು ಗ್ಲಾಸು, ಆಮೇಲೆ ಮುಂದಿನ ಬಾಗಿಲು. ನಮ್ಮ ಲೊಗ್ರೊನ್ಯೊ ಊರಿನವರು ಒಂದೇ ಕಡೆ ಕೂತು ಕುಡಿಯುವವರಲ್ಲ. ಗುರುವಾರ ಮಾತ್ರ ಸಾತುರ್ನಿನೋನ ಗುಂಪು ನನ್ನ ಬಾರು ಬಿಟ್ಟು ಕದಲುವುದಿಲ್ಲ.

ಕಾರಣ ನಾನೇ, ಈ ಬಾರು ನಡೆಸುವ ನೇರಾ. ಸುತ್ತಲೂ ನಮ್ಮದೇ ದ್ರಾಕ್ಷಿತೋಟ ಇರುವುದರಿಂದ ಈ ಊರಿನವರಿಗೆ ಬೇರೆ ಊರಿನ ವೈನು ವೈನೇ ಅಲ್ಲವೆಂಬ ಜಂಬ. ಅದನ್ನು ಇಳಿಸಲೆಂದು ಪ್ರತಿ ಗುರುವಾರ ಒಂದು ಪರವೂರಿನ ಬಾಟಲಿ ತರಿಸಿ, ಹೆಸರು ಕಾಣದಂತೆ ಪತ್ರಿಕೆಯಲ್ಲಿ ಸುತ್ತಿ ತೆರೆಯುತ್ತೇನೆ. ಮೊದಲ ಗ್ಲಾಸು ಸಾತುರ್ನಿನೋನಿಗೆ. ಅವನು ಮೂಸಿ ಹೇಳುವ ತನಕ ಯಾರೂ ಗ್ಲಾಸು ಎತ್ತುವಂತಿಲ್ಲ, ತೆರೆದ ನಾನೂ ಮೂಸುವಂತಿಲ್ಲ. ಯಾರು ಮಾಡಿದ ಕಾನೂನೋ, ಮುರಿದರೆ ಮಾತ್ರ ಮುಖ ಊದಿಸುತ್ತಾರೆ.

ಸಾತುರ್ನಿನೋ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬದುಕೆಲ್ಲ ಊರಿನವರ ಪಾದದ ಹತ್ತಿರ ಕಳೆದ ಮನುಷ್ಯನ ಮೂಗು ಅಷ್ಟು ಚುರುಕಾಗಿ ಉಳಿದದ್ದೇ ಆಶ್ಚರ್ಯ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಗುರುವಾರ ಬಂತೆಂದರೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಟೋಪಿ ಇಟ್ಟು ಮದುಮಗನ ಹಾಗೆ ಬರುತ್ತಿದ್ದ. ಮೂಸಿ, ಕಣ್ಣು ಮುಚ್ಚಿ, "ಇದು ಸಮುದ್ರದ ಕಡೇದು, ತೋಟಕ್ಕೆ ಉಪ್ಪುಗಾಳಿ ಹೊಡೆದಿದೆ" ಎನ್ನುತ್ತಿದ್ದ. ಅವನ ಗೆಳೆಯ, ಹಳೇ ಕಸಾಯಿ ಗೋಯೋ, "ನಿನ್ನ ತಲೆ" ಎನ್ನುತ್ತಿದ್ದ. ಅಲ್ಲಿಗೆ ಜಗಳ ಶುರು.

ಚಳಿಗಾಲದಲ್ಲಿ ಸಾತುರ್ನಿನೋ ಜ್ವರದಿಂದ ಮಲಗಿದ. ಎದ್ದು ಬಂದ ಮೇಲೆ ಏನೋ ಬದಲಾಯಿತು. ಮೂಸಿ, ತಲೆಯಾಡಿಸಿ, "ಇವತ್ತು ಗೋಯೋನೇ ಮೊದಲು ಹೇಳಲಿ" ಎನ್ನತೊಡಗಿದ. ವೈನು ಕೆಂಪೋ ಬಿಳಿಯೋ ಎಂದಷ್ಟೇ ನೋಡುತ್ತಿದ್ದ ಗೋಯೋ, ನಿಂಬೆಸಿಪ್ಪೆ ಎನ್ನುವುದೇನು, ಒದ್ದೆ ಕಲ್ಲು ಎನ್ನುವುದೇನು. ಮುದುಕನಿಗೆ ಈ ವಯಸ್ಸಿನಲ್ಲಿ ಕವಿತ್ವ ಬಂತೇ ಎಂದು ನಾನು ನಗುತ್ತಿದ್ದೆ.

ಮೇ ತಿಂಗಳ ಒಂದು ಗುರುವಾರ ಬಿಳಿ ವೈನು ತೆರೆದೆ. ಮೊದಲ ಗ್ಲಾಸು ಸಾತುರ್ನಿನೋನ ಮುಂದಿಟ್ಟು ಉಳಿದವರಿಗೆ ಬಗ್ಗಿಸುವಾಗ ನನ್ನ ಮೂಗಿಗೆ ಬಡಿಯಿತು. ಬಿರಡೆ ಕೆಟ್ಟು ವೈನೆಲ್ಲ ಮುಗ್ಗಲು ಹಿಡಿದಿತ್ತು, ನೆಲಮಾಳಿಗೆಯಲ್ಲಿ ನೆನೆದ ರಟ್ಟಿನ ವಾಸನೆ. ಬಾಯಿ ತೆರೆಯುವಷ್ಟರಲ್ಲಿ ಸಾತುರ್ನಿನೋ ಮೂಸಿ ಆಗಿತ್ತು. ಅವತ್ತೇ ಅವನಿಗೆ ತಾನೇ ಮೊದಲು ಹೇಳುವ ಧೈರ್ಯ ಬರಬೇಕೆ?

"ಹೂವು," ಎಂದ. "ಬಿಳಿ ಹೂವು. ತುಂಬಾ ಚೆನ್ನಾಗಿದೆ."

ಗೋಯೋ ತನ್ನ ಗ್ಲಾಸಿನೊಳಗೆ ನೋಡಿದ. ಆಮೇಲೆ ಗಟಗಟ ಕುಡಿದು ಮುಗಿಸಿ, "ಹೌದು ಕಣೋ, ಹೂವೇ" ಎಂದ. ಅವನ ಹೆಂಡತಿ ಮಿಲಾಗ್ರೋಸ್ ಕೂಡ ಮುಖ ಕಿವುಚದೆ ಒಂದು ಗುಟುಕು ನುಂಗಿದಳು.

ಸಾತುರ್ನಿನೋ ಇಬ್ಬರನ್ನೂ ನೋಡಿದ. "ಗೋಯೋ, ನೀನು ಹುಟ್ಟಿದಾಗಿನಿಂದ ನನ್ನ ಮಾತು ಒಪ್ಪಿದೋನಲ್ಲ. ಏನಾಗಿದೆ ಇದಕ್ಕೆ?"

ಆಮೇಲೆ ಸಾತುರ್ನಿನೋ ನನ್ನ ಕಡೆ ತಿರುಗಿದ. "ನೇರಾ, ನೀನು ಹೇಳು."

"ಕೆಟ್ಟಿದೆ," ಎಂದೆ. ಅವನಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

ಅವನು ಗ್ಲಾಸನ್ನು ಮೆಲ್ಲಗೆ ದೂರ ಸರಿಸಿದ. "ಜ್ವರ ಬಂದಾಗಿನಿಂದ ಏನೂ ಇಲ್ಲ. ಕಾಫಿ ಇಲ್ಲ, ಸೋಪಿಲ್ಲ. ವಾಪಸ್ ಬರತ್ತೆ ಅಂತ ಕಾದೆ. ಇನ್ನು ನನ್ನ ಗ್ಲಾಸು ಬೇರೆ ಯಾರಿಗಾದ್ರೂ ಕೊಡಿ. ಮೂಗಿಲ್ಲದೋನು ಇಲ್ಲಿ ನಿಂತು ಏನು ಮಾಡಲಿ?" ಟೋಪಿ ಹುಡುಕತೊಡಗಿದ. ಇವತ್ತು ಹೋದರೆ ಮತ್ತೆ ಬರುವುದಿಲ್ಲವೆಂದು ನನಗೆ ಖಾತ್ರಿಯಾಯಿತು.

ಟೋಪಿ ಗೋಯೋನ ಕೈಯಲ್ಲಿತ್ತು. "ಹೊಸ ಸುದ್ದಿ ಹೇಳ್ತಿದ್ದೀಯಾ? ಈಸ್ಟರ್‌ಗಿಂತ ಮುಂಚೆನೇ ಗೊತ್ತು ನಮಗೆ. ಮಿಲಾಗ್ರೋಸ್ ಮನೇಲಿ ಬೆಳ್ಳುಳ್ಳಿ ಸೀಯಿಸಿ ಬೀದಿಯೆಲ್ಲಾ ಮೂಗು ಮುಚ್ಕೊಂಡಿದ್ದಾಗ, ನೀನು ಒಲೆ ಪಕ್ಕ ನಿಂತು ಫುಟ್‌ಬಾಲ್ ಭಾಷಣ ಬಿಗೀತಿದ್ದೆ."

"ಗೊತ್ತಿದ್ದೂ ಸುಮ್ನಿದ್ರಾ?"

"ಸುಮ್ನಿದ್ದದ್ದೆಲ್ಲಿ ಬಂತು?" ಎಂದಳು ಮಿಲಾಗ್ರೋಸ್. "ಈ ಮನುಷ್ಯನಿಗೆ ನಿಂಬೆಸಿಪ್ಪೆ, ಒದ್ದೆ ಕಲ್ಲು ಎಲ್ಲಿಂದ ಬಂತು ಅನ್ಕೊಂಡೆ? ಬುಧವಾರ ಬಂದ್ರೆ ನನ್ನ ಅಡುಗೆಮನೆ ಡಬ್ಬಿ ಎಲ್ಲಾ ತೆಗೆದು ಮೂಸ್ತಾರೆ. ವಾಸನೆ ಹೇಗಿದೆ ಅಂತ ನಿಂಗೆ ಹೇಳೋಕೆ ಇವರಿಗೆ ಮಾತು ಬೇಕಲ್ಲಪ್ಪ, ಅದಕ್ಕೆ. ಮೊನ್ನೆ ಮಳೆ ನಿಂತ ಮೇಲೆ ಮೆಟ್ಟಿಲ ಕಲ್ಲು ಮೂಸ್ತಾ ಬಗ್ಗಿದ್ರು. ಎದುರುಮನೆಯವರು ಬಿದ್ದುಬಿಟ್ರು ಅಂತ ಓಡಿ ಬಂದ್ರು."

ಗೋಯೋನ ಕಿವಿ ಕೆಂಪಾಯಿತು. ಏನೂ ಅರಿಯದೆ ನಕ್ಕಿದ್ದಕ್ಕೆ ನನ್ನನ್ನೇ ಬೈದುಕೊಂಡು, ಇನ್ನೊಂದು ಬಾಟಲಿ ಸುತ್ತುವ ಗೋಜಿಗೂ ಹೋಗದೆ ತೆರೆದೆ. ಕಾನೂನು ಕಾನೂನೇ. ಮೊದಲ ಗ್ಲಾಸು ಸಾತುರ್ನಿನೋನ ಮುಂದೆಯೇ ಇಟ್ಟೆ.

ಅವನು ಅದನ್ನು ಮೂಸದೆ ಗೋಯೋನ ಕಡೆ ತಳ್ಳಿದ. "ಹೋದ ತಿಂಗಳು ಯಾವುದೋ ದ್ವೀಪದ ವೈನಿಗೆ ಏನೋ ಅಂದ್ಯಲ್ಲ, ಆಗಷ್ಟೇ ಆರಿಸಿದ ಬೆಂಕಿಕಡ್ಡಿ ಅಂತ. ನೀನು ಅಂದಾಗ ನಂಗೆ ಒಂದು ಕ್ಷಣ ನಿಜವಾಗ್ಲೂ ವಾಸನೆ ಬಂತು."

"ಸುಳ್ಳು," ಎಂದ ಗೋಯೋ.

"ಸುಳ್ಳೇ," ಎಂದ ಸಾತುರ್ನಿನೋ. "ಆದ್ರೂ ಹೇಳ್ತಾ ಇರು."