ಅಕ್ಕನ ಕಾಲಿನ ಸುದ್ದಿ

ಇವತ್ತು ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಒಂದು ಗಳಿಗೆ ಮೈ ವಾಲಿದಂತಾಯಿತು. ನೀವಾಗಿದ್ದರೆ ನಿದ್ದೆ ಸಾಲಲಿಲ್ಲವೆಂದುಕೊಂಡು ಮುಖ ತೊಳೆದು ಕಾಫಿಗೆ ಕೂರುತ್ತಿದ್ದಿರಿ. ನಾನು ಬಚ್ಚಲ ಗೋಡೆ ಹಿಡಿದು, ಸೋಪಿನ ಉರಿಯಲ್ಲೇ ಕಣ್ಣು ಬಿಟ್ಟುಕೊಂಡು ನಿಂತೆ. ನಮ್ಮ ಮನೆತನದಲ್ಲಿ ಹೆದರಿಕೆಯ ಗುತ್ತಿಗೆ ನನ್ನದೇ, ಒಪ್ಪುತ್ತೇನೆ. ಆದರೆ ಈ ಒಂದು ಹೆದರಿಕೆ ನಾನಾಗಿ ಹುಟ್ಟಿಸಿಕೊಂಡದ್ದಲ್ಲ, ಜಯಮ್ಮಕ್ಕನಿಂದ ಬಂದದ್ದು.

ಜಯಮ್ಮ ನನ್ನ ದೊಡ್ಡಕ್ಕ. ನಮ್ಮ ರಾಮನಗರದಿಂದ ಕೈಲಾಂಚದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಹಿಪ್ಪುನೇರಳೆ ತೋಟ, ಒಂದಿಷ್ಟು ರಾಗಿ, ಎರಡು ಸೀಮೆಹಸು. ಆ ಕಾಲಕ್ಕೆ ಬಿಡದಿ, ಹಾರೋಹಳ್ಳಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಎದ್ದು, ಊರ ಗಂಡಸರೆಲ್ಲ ಪ್ಯಾಂಟು ಹಾಕಿಕೊಂಡು ಬೈಕು ಹತ್ತುತ್ತಿದ್ದರು. ನಮ್ಮ ಭಾವನೂ ಹಾರೋಹಳ್ಳಿಯಲ್ಲಿ ಬಣ್ಣದ ಪುಡಿ ಮಾಡುವ ಕಡೆ ಸೇರಿಕೊಂಡರು. ಸಂಜೆ ಬಂದರೆ ಒಂದು ದಿನ ನೀಲಿ, ಒಂದು ದಿನ ಕೆಂಪು. ಅಕ್ಕ ಆ ಬಟ್ಟೆ ಒಗೆದರೆ ಕಲ್ಲಿನ ಸುತ್ತ ಓಕುಳಿ ಎರಚಿದಂತಿರುತ್ತಿತ್ತು.

ಮೊದಲು ಅವಳ ಪಾದ ಜೋಮು ಹಿಡಿಯಿತು. "ಏನಿಲ್ಲ ಕಣೇ, ಹತ್ತಿ ಮೇಲೆ ನಡ್ದಂಗೆ ಆಯ್ತದೆ" ಎಂದು ನಕ್ಕಳು. ಒಂದು ದಿನ ಸೊಪ್ಪಿನ ಹೊರೆ ಹೊತ್ತು ಬರುವಾಗ ಒಂದು ಕಾಲಿನ ಚಪ್ಪಲಿ ಬದುವಿನ ಮೇಲೆ ಕಳಚಿಕೊಂಡಿತ್ತು. ಮನೆಗೆ ಬಂದು ಕಾಲು ನೋಡಿಕೊಂಡ ಮೇಲೇ ಅವಳಿಗೆ ಗೊತ್ತಾದದ್ದು. ವಾಯು ಎಂದರು, ಎಣ್ಣೆ ತಿಕ್ಕಿದರು. ಗಾಳಿ ಸೋಕಿದೆ ಎಂದರು, ತಾಯತ ಕಟ್ಟಿಸಿದರು. ಕೊನೆಗೆ, ನಾನು ಅಲ್ಲಿಗೆ ಹೋಗಿದ್ದ ಒಂದು ಬೆಳಿಗ್ಗೆ, ನೀರಿನ ತೊಟ್ಟಿಯ ಬಳಿ ಮುಖಕ್ಕೆ ಸೋಪು ಹಚ್ಚಿಕೊಂಡವಳು ಕಡಿದ ಬಾಳೆಯ ಹಾಗೆ ಪಕ್ಕಕ್ಕೆ ಉರುಳಿದಳು. ತಲೆ ಸುತ್ತಿತೇನೇ ಅಂದರೆ, "ಇಲ್ಲ ಕಣೇ. ಕಣ್ ಮುಚ್ಚುದ್ರೆ ಕಾಲು ಎಲ್ಲೈತೆ ಅಂತ್ಲೇ ಗೊತ್ತಾಗಕಿಲ್ಲ" ಅಂದಳು.

ಭಾವ ಮಾತ್ರ ಕಾರಣ ಕಂಡುಕೊಂಡಾಗಿತ್ತು. ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು, "ನೋಡವ್ವ, ನನ್ ಬಟ್ಟೆ ಪುಡಿನೇ ಅವಳ ನರ ತಿಂದಿರಾದು. ಕೆಲ್ಸ ಬುಟ್ಬುಡ್ತೀನಿ" ಎಂದರು. ಅವತ್ತಿನಿಂದ ತಮ್ಮ ಬಟ್ಟೆ ತಾವೇ ಒಗೆಯತೊಡಗಿದರು. ನೀರಿಗೆ ಬಂದ ಹೆಂಗಸರು ನಕ್ಕರೂ ತಲೆ ಎತ್ತುತ್ತಿರಲಿಲ್ಲ.

ರಾಮನಗರದ ಡಾಕ್ಟರು, "ಬೆನ್ನುಹುರಿಯ ತೊಂದರೆ ಇರಬಹುದು" ಎಂದು ಬೆಂಗಳೂರಿಗೆ ಬರೆದುಕೊಟ್ಟರು. ನನಗೆ ಆ ಒಂದು ಮಾತೇ ಸಾಕಾಯಿತು. ರೇಷ್ಮೆಯ ಊರಲ್ಲಿ ಬೆಳೆದವಳಿಗೆ ಹುರಿಯೆಂದರೆ ಏನೆಂದು ಹೇಳಬೇಕೇ? ನೂಲಿನ ಎಳೆ ಕಿತ್ತರೆ ಗಂಟು ಹಾಕಬಹುದು. ಬೆನ್ನಿನೊಳಗಿನದಕ್ಕೆ ಗಂಟು ಹಾಕುವವರು ಯಾರು? ಬಸ್ಸಿನಲ್ಲಿ ನಾನು ಮನಸ್ಸಿನಲ್ಲೇ ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಅವಳ ಮಕ್ಕಳನ್ನು ತಂದು ಸಾಕಿ, ಕೆಂಗೇರಿ ಬರುವಷ್ಟರಲ್ಲಿ ಅತ್ತೂ ಮುಗಿಸಿದ್ದೆ. ಅಕ್ಕ ಕಿಟಕಿ ಪಕ್ಕ ಕೂತು ಕಡಲೆಕಾಯಿ ತಿನ್ನುತ್ತಿದ್ದಳು.

ಆಸ್ಪತ್ರೆಯ ಡಾಕ್ಟರಮ್ಮ ಅವಳನ್ನು ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿದರು, ತೂಗಾಡಿದ್ದೇ ಹಿಡಿದುಕೊಂಡರು. ಕವೆಯಂಥ ಒಂದು ಲೋಹದ ಕಡ್ಡಿಯನ್ನು ಮಿಡಿದು ಕಾಲ ಹೆಬ್ಬೆರಳ ಮೇಲಿಟ್ಟು, "ಝುಂ ಅಂತಿದೆಯಾ?" ಎಂದರು. "ಇಲ್ಲ." ಪಾದದ ಗಂಟಿನ ಮೇಲಿಟ್ಟರು. "ಇಲ್ಲ." ಮಂಡಿಗೆ ತಂದಾಗ "ಹ್ಞೂಂ, ಒಸಿ" ಅಂದಳು. ಆಮೇಲೆ ರಕ್ತ ತೆಗೆದರು, ಸ್ಕ್ಯಾನ್ ಮಾಡಿಸಿದರು. ರಿಪೋರ್ಟು ಬರುವ ತನಕ, ನಮ್ಮ ಜೊತೆ ಬಂದಿದ್ದ ಭಾವ ಬೆಂಚಿನ ಮೇಲೆ ಕೂರಲೇ ಇಲ್ಲ.

"ಗೆಡ್ಡೆ ಇಲ್ಲ, ಮೂಳೆನೂ ಒತ್ತಿಲ್ಲ," ಎಂದರು ಡಾಕ್ಟರಮ್ಮ.

"ನನ್ ಬಟ್ಟೆ ಪುಡಿನಾ ಮೇಡಂ?" ಭಾವ ಮೇಜಿನ ಹತ್ತಿರ ಬಂದು ಕೇಳಿದರು.

"ಅಲ್ಲ." ಅಕ್ಕನ ಕಡೆ ತಿರುಗಿ ಕೇಳಿದರು, "ಮಾಂಸ, ಮೊಟ್ಟೆ ತಿಂತೀರಾ?"

"ಬುಟ್ಟು ಶ್ಯಾನೆ ವರ್ಸ ಆಯ್ತು."

"ಹಾಲು?"

"ಡೈರಿಗೆ ಹಾಕ್ತೀವಿ. ಉಳ್ದದ್ದು ಹುಡುಗ್ರಿಗೆ."

"ನಿಮಗೆ?"

ಪ್ರಶ್ನೆಯೇ ಅರ್ಥವಾಗದವಳಂತೆ ಅಕ್ಕ ನನ್ನ ಮುಖ ನೋಡಿದಳು.

ಮಾಂಸ, ಮೊಟ್ಟೆ, ಹಾಲಿನಿಂದ ಸಿಗುವ ಬಿ ಹನ್ನೆರಡು ಎಂಬ ಜೀವಸತ್ವ ಮೈಯಲ್ಲಿ ಬತ್ತಿಹೋಗಿತ್ತಂತೆ. ಕಾಲಿನ ಸುದ್ದಿಯನ್ನು ತಲೆಗೆ ಮುಟ್ಟಿಸುವ ನರಗಳು ಬೆನ್ನುಹುರಿಯ ಹಿಂಭಾಗದಲ್ಲಿವೆ, ಅವು ಸೊರಗಿದ್ದವು. ಇಂಜೆಕ್ಷನ್ನೇ ಮದ್ದು; ಮೊದಮೊದಲು ಮೇಲಿಂದ ಮೇಲೆ, ಆಮೇಲೆ ತಿಂಗಳಿಗೊಂದು. "ಎಷ್ಟು ವಾಪಸ್ ಬರುತ್ತೆ ಅಂತ ಈಗಲೇ ಹೇಳಕ್ಕಾಗಲ್ಲ. ಇನ್ನೂ ತಡ ಮಾಡಿದ್ರೆ ನಡಿಗೆನೇ ಹೋಗ್ತಿತ್ತು. ಮಾಂಸ ಯಾಕೆ ಬಿಟ್ರಿ?"

ಅಕ್ಕ ತಲೆ ತಗ್ಗಿಸಿದಳು. "ಇವ್ರ ಕೆಲ್ಸ ಖಾಯಂ ಆಗ್ಲಿ ಅಂತ ಮನೆದೇವ್ರಿಗೆ ಹರಕೆ ಕಟ್ಕಂಡಿದ್ದೆ."

"ಬಾಡಿನ ವಾಸ್ನೆ ಆಗಕಿಲ್ಲ ಅಂತಿದ್ಯಲ್ಲಾ ಜಯಮ್ಮ?" ಅಂದ ಭಾವ ಗೋಡೆಯ ಕಡೆಗೆ ತಿರುಗಿಕೊಂಡರು. ಪುಡಿಯಲ್ಲದಿದ್ದರೂ ತಮ್ಮ ಕೆಲಸವೇ ಕಾರಣ ಎಂದು ಅನ್ನಿಸಿರಬೇಕು. ಹರಕೆ ಮುರಿಯುವುದು ಬೇಡ, ಹಾಲು ಮೊಸರು ತಿಂದು ಇಂಜೆಕ್ಷನ್ ತಪ್ಪಿಸದಿದ್ದರೆ ಸಾಕು ಎಂದು ಡಾಕ್ಟರಮ್ಮ ಹೇಳಿದ್ದು ಅವರಿಗೆ ಕೇಳಿಸಿತೋ ಇಲ್ಲವೋ.

ವಾರಗಳು ಹೋದವು. ಇಂಜೆಕ್ಷನ್ನಿನ ಕೆಂಪು ಔಷಧಿ ಮೈಗೆ ಹೋಗುತ್ತಲೇ ಇತ್ತು, ಪಾದದಡಿ ಹತ್ತಿ ಹಾಗೇ ಇತ್ತು. ಫೋನು ಬಡಿದರೆ ಅಕ್ಕ ಬಿದ್ದಳೆಂದೇ ನಾನು ಎತ್ತುತ್ತಿದ್ದೆ. ಒಮ್ಮೆ ನೋಡಲು ಹೋಗಿದ್ದಾಗ, ಮಧ್ಯಾಹ್ನ ತೋಟದಿಂದ "ಅಯ್ಯಪ್ಪೋ!" ಎಂಬ ಕೂಗು ಬಂತು. ನಾನೂ ಭಾವನೂ ಓಡಿದೆವು. ಜಾಲಿಮುಳ್ಳು ಹೊಕ್ಕ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕ ಬದುವಿನ ಮೇಲೆ ಕೂತಿದ್ದಳು. ಕಣ್ಣಲ್ಲಿ ನೀರು, ಬಾಯ್ತುಂಬ ನಗು.

"ನೋಯ್ತದೆ ಕಣ್ರೋ! ನೋಯ್ತದೆ!"

ಕೀಳಲು ಬಗ್ಗಿದ ಭಾವನ ಕೈ ತಡೆದಳು. "ತಡೀರಿ. ಒಸಿ ಹೊತ್ತು ಇರ್ಲಿ."

ಅವಳ ಬೆರಳ ತುದಿಯ ಜೋಮು ಈಗಲೂ ಪೂರ್ತಿ ಹೋಗಿಲ್ಲ. ಕತ್ತಲಲ್ಲಿ ಗೋಡೆ ಹಿಡಿದೇ ನಡೆಯುತ್ತಾಳೆ. ಆದರೂ ಇವತ್ತು ಬೆಳಿಗ್ಗೆ ನಾನು ಫೋನಿನಲ್ಲಿ ಹೀಗಾಯಿತು ಅಂದದ್ದೇ ತಡ, ಒಬ್ಬಳೇ ಬಸ್ಸು ಹತ್ತಿ ರಾಮನಗರಕ್ಕೆ ಬಂದುಬಿಟ್ಟಳು.

"ರಕ್ತ ತೋರ್ಸಣ ನಡಿ."

"ನಾಳೆ ಹೋಗೋಣ ಕಣಕ್ಕ."

"ಏನು ಬಂದದೋ ಅಂತ ಹೆದ್ರುಕೊಂಡಿದ್ದೀಯ. ನಂಗೊತ್ತಿಲ್ವ? ಏಳು."

ಹೆದರಿಕೆ ಇದ್ದೇ ಇದೆ, ಆದರೂ ಎದ್ದಿದ್ದೇನೆ. ಅವಳು ಆಗಲೇ ಮೆಟ್ಟಿಲಿಳಿದು ರಸ್ತೆ ಸೇರಿ, "ಬಿರ್ರನೆ ಬಾರೇ" ಎಂದು ಕೂಗುತ್ತಿದ್ದಾಳೆ.