ಆರು ಚೆಂಡಿನ ಹೊತ್ತು

ಭಾಲ್ಕಿ ಸ್ಟೇಷನ್ನಿನಲ್ಲಿ ನಿಂತು, ರೈಲಿನಲ್ಲಿ ಹೆಂಗಸರಿಗೆಂದೇ ಇದ್ದ ಜನಾನಾ ಡಬ್ಬಿಯ ಕಿಟಕಿಯಿಂದ ನನ್ನ ಚಿಕ್ಕಪ್ಪನ ಮಗಳು ಕೈಬೀಸಿದ್ದನ್ನು ನೋಡಿದ ನೆನಪು ನನಗಿದೆ. ಅವಳ ಬಳೆಯ ಬಣ್ಣವನ್ನೂ ಹೇಳಬಲ್ಲೆ. ಆದರೆ ಇದು ಆಗಿರಲು ಸಾಧ್ಯವಿಲ್ಲ. ಆ ಗಾಡಿ ಮೊದಲು ಭಾಲ್ಕಿಗೆ ಬಂದು ಆಮೇಲೆ ಬೀದರಿಗೆ ಹೋಗುತ್ತದೆ. ಅವಳಿದ್ದ ನಮ್ಮ ಶಾಲೆಯ ಕ್ರಿಕೆಟ್ ತಂಡ ಹತ್ತಿದ್ದು ಬೀದರಿನಲ್ಲಿ. ಈ ಒಂದು ಸುಳ್ಳು ಸಿಕ್ಕಿಬಿದ್ದ ಮೇಲೆ, ಉಳಿದದ್ದನ್ನೆಲ್ಲ ಆ ಕಾಲದ ನನ್ನ ದಿನಚರಿಯ ಜೊತೆ ತಾಳೆ ನೋಡಿಯೇ ಬರೆಯುತ್ತಿದ್ದೇನೆ.

ಆಗ ನನಗೆ ಹದಿನೈದು, ಈ ತಂಗಿಗೆ ಹದಿನಾಲ್ಕು. ನಾನು ಭಾಲ್ಕಿಯವಳು, ಅವಳು ಔರಾದಿನ ಕಡೆ ಸಂತಪುರದವಳು. ಬೀದರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಲೆಂದು ನಮ್ಮಿಬ್ಬರನ್ನೂ ಆಯಿ, ನಮ್ಮ ತಂದೆಯರ ತಾಯಿ, ತನ್ನ ಮನೆಯಲ್ಲಿಟ್ಟುಕೊಂಡಿದ್ದಳು.

ಶಾಲೆಗೆ ಪಾಠ ಹೇಳಲು ಮದ್ರಾಸಿನ ಕಡೆಯಿಂದ ಒಬ್ಬರು ಅಕ್ಕೋರು ಬಂದಿದ್ದರು. ಇಂಗ್ಲೆಂಡಿನ ಹೆಂಗಸರ ಕ್ರಿಕೆಟ್ ತಂಡ ಆಸ್ಟ್ರೇಲಿಯಾದಲ್ಲಿ ಆಡಲು ಹಡಗು ಹತ್ತಿದೆ ಎಂಬ ಸುದ್ದಿಯನ್ನು ಒಂದು ಬೆಳಿಗ್ಗೆ ನಮಗೆ ಓದಿ ಹೇಳಿದವರು ಅವರೇ. ವರ್ಷ ತುಂಬುವುದರೊಳಗೆ ನಮ್ಮದೂ ಒಂದು ತಂಡವಾಯಿತು. ನಮ್ಮ ಆಸ್ಟ್ರೇಲಿಯಾ ಎಂದರೆ ಸೊಲ್ಲಾಪುರ. ನಗಬೇಡಿ. ನಿಜಾಮರ ಗಡಿ ದಾಟಿದರೆ ಇಂಗ್ರೇಜಿ ರಾಜ್ಯ. ಅಲ್ಲಿ ನಮ್ಮ ಸಿಕ್ಕಾ ರೂಪಾಯಿ ನಡೆಯದು, ಅಂಚೆಚೀಟಿಯೂ ನಡೆಯದು. ಅಕ್ಕೋರು ನಮ್ಮನ್ನು ‘ದೇಶದ ತಂಡ’ ಎಂದೇ ಕರೆಯುತ್ತಿದ್ದರು.

ಶಾಲೆಯ ಹಿಂದೆ ಆಳೆತ್ತರದ ಕನಾತು ಕಟ್ಟಿ, ಹೊರಗಿನವರ ಕಣ್ಣು ಬೀಳದಂತೆ ಆಡುತ್ತಿದ್ದೆವು. ಚೆಂಡು ಬಟ್ಟೆಯ ಗೋಡೆ ದಾಟಿದರೆ ಶಾಲೆಯ ಆಯಾ ಗೊಣಗುತ್ತ ಹೋಗಿ ತರುವ ತನಕ ಎಲ್ಲರೂ ಕೂತಿರಬೇಕು. ವೇಗವಾಗಿ ಚೆಂಡೆಸೆಯುತ್ತಿದ್ದವಳು ನಾನು. ನಾನಿಲ್ಲದೆ ತಂಡವಿಲ್ಲ ಎಂದು ನಂಬಿದ್ದೆ.

ನಾವು ಲಿಂಗ ಕಟ್ಟಿದವರು. ಬೆಳ್ಳಿಯ ಕರಡಿಗೆ ಹಗಲೂ ರಾತ್ರಿ ಮೈಮೇಲೇ ಇರಬೇಕು, ಕೊರಳಲ್ಲೋ ತೋಳಲ್ಲೋ. ಪೂಜೆಯ ಹೊತ್ತಿಗೆ ಅದರೊಳಗಿನ ಇಷ್ಟಲಿಂಗವನ್ನು ಅವರವರ ಎಡಗೈಗೆ ತೆಗೆದುಕೊಳ್ಳುತ್ತೇವೆ. ಇನ್ನೊಬ್ಬರ ಕೈಗೆ ಕೊಡುವ ಮಾತೇ ಇಲ್ಲ. ಓಡಿ ಬಂದು ಚೆಂಡೆಸೆಯುವಾಗ ಅದು ನನ್ನ ಎದೆಗೂಡಿಗೆ ಬಡಿಯುತ್ತಿತ್ತು. ತಂಗಿ ತನ್ನದನ್ನು ಬಟ್ಟೆ ಸುತ್ತಿ ಆಯಿಯಿಂದ ತೋಳಿಗೆ ಕಟ್ಟಿಸಿಕೊಳ್ಳುತ್ತಿದ್ದಳು. “ಹುಣ್ಣಾದವರ ಪಟ್ಟಿ ಹಾಂಗ ಕಾಣ್ತದ” ಎಂದು ನಾನು ನಕ್ಕಿದ್ದೆ.

ಹೊರಡಲು ನಾಲ್ಕು ದಿನವಿದ್ದಾಗ ನನ್ನ ಚೆಂಡುಗಳು ದಾರಿ ತಪ್ಪತೊಡಗಿದವು. ಅಕ್ಕೋರಿಗೆ ತಾಳ್ಮೆ ಹೋಯಿತು.

“ಕೊರಳಲ್ಲಿರೋ ಆ ಡಬ್ಬಿ ತೆಗೆದಿಡಮ್ಮ!”

ಅದರೊಳಗೆ ಏನಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಬೇಕಿತ್ತು. ಹೇಳದೆ ಗಂಟು ಬಿಚ್ಚಿ, ಪಕ್ಕದಲ್ಲಿದ್ದ ತಂಗಿಯ ಕಡೆ ಚಾಚಿದೆ.

“ಬ್ಯಾಡ ಅಕ್ಕಾ. ನನ್ ಪಟ್ಟಿ ಕೊಡ್ತೇನಿ, ತೋಳಿಗಿ ಕಟ್ಟಿಕೋ.”

“ಆರು ಚೆಂಡಿನ ಹೊತ್ತು. ಸುಮ್ನ ಹಿಡಿ.”

ಅವಳು ಬೊಗಸೆಯಲ್ಲಿ ನೀರು ಹಿಡಿದವಳಂತೆ ಅಲುಗದೆ ನಿಂತಳು. ನನ್ನ ಮೂರನೆಯ ಚೆಂಡಿಗೆ ನಡುವಿನ ಗೂಟ ಹಾರಿತು. ಆರು ಮುಗಿದ ಮೇಲೆ ಮತ್ತೆ ಕಟ್ಟಿಕೊಂಡು, “ಯಾರ ಮುಂದೂ ಹೇಳಬ್ಯಾಡ” ಎಂದೆ. “ಇಲ್ಲ ಅಕ್ಕಾ” ಎಂದಳು.

ಮರುದಿನ ಬೆಳಿಗ್ಗೆ ಮೂವರೂ ಪೂಜೆಗೆ ಕೂತಿದ್ದೆವು. ಆಯಿಯ ಕಣ್ಣು ನನ್ನ ಕತ್ತಿನ ಹಿಂದೆ ನಿಂತಿತು. ಕರಡಿಗೆ ಕಟ್ಟಿದ ಶಿವದಾರ ಗಿಡ್ಡವಾಗಿರುತ್ತದೆ, ಬಿಚ್ಚದೆ ತೆಗೆಯಲು ಬಾರದು. ನಮ್ಮ ಮನೆಯಲ್ಲಿ ಅದಕ್ಕೆ ಗಂಟು ಹಾಕುವವಳು ಆಯಿ ಒಬ್ಬಳೇ.

“ಈ ಗಂಟ ನಂದಲ್ಲ.”

“ಸಡ್ಲಾಗಿತ್ತು ಆಯಿ, ಬಿಗಿ ಮಾಡಿಕೊಂಡೇನಿ.” ಹಾಗೆನ್ನುವಾಗ ನನ್ನ ಅಂಗೈಯಲ್ಲಿ ಲಿಂಗವಿತ್ತು.

ಆಯಿ ತಂಗಿಯ ಕಡೆ ತಿರುಗಿದಳು. “ನೀ ಹೇಳವ್ವಾ. ಕೈಯಾಗ ಏನದ ನೋಡಿಕೊಂಡು ಹೇಳು.”

“ಅಕ್ಕ ತಗದು ನನ್ ಕೈಯಾಗ ಕೊಟ್ಟಿದ್ಲು ಆಯಿ. ಆರು ಚೆಂಡು.”

ಆಯಿ ಕೂಗಾಡಲಿಲ್ಲ. ನನ್ನನ್ನು ಭಾಲ್ಕಿಗೆ ಕಳಿಸುವುದು, ಅಲ್ಲಿ ಮಠದ ಸ್ವಾಮಿಗಳಿಂದ ಹೊಸದಾಗಿ ಲಿಂಗ ಕಟ್ಟಿಸುವುದು, ಹನ್ನೊಂದು ದಿನ ಹೊಸ್ತಿಲು ದಾಟದಿರುವುದು: ಇಷ್ಟನ್ನು ಪೂಜೆ ಮುಗಿಯುವುದರೊಳಗೆ ತೀರ್ಮಾನಿಸಿಬಿಟ್ಟಿದ್ದಳು. ಸೊಲ್ಲಾಪುರಕ್ಕೆ ಉಳಿದಿದ್ದು ಮೂರೇ ದಿನ.

ಸಂಜೆ ಅಕ್ಕೋರು ಓಡಿ ಬಂದರು. ಅಷ್ಟರಲ್ಲಿ ಅವರಿಗೆ ಯಾರೋ ಕರಡಿಗೆಯ ವಿಷಯ ತಿಳಿಸಿದ್ದರು. ಆಯಿ ಅವರನ್ನು ಮಣೆಯ ಮೇಲೆ ಕೂಡಿಸಿ ಕೇಳಿದಳು:

“ಅಕ್ಕೋರ, ಒಂದ ಮಾತು. ಕೊರಳಾಗಿಂದು ತಗಿ ಅಂತ ನೀವು ಹೇಳಿದ್ರೇನ್ರಿ? ನೀವು ಹೇಳಿದ್ದು ಖರೇ ಇದ್ರ ನಾಳಿಂದ ನಮ್ಮ ಮಂದಿ ಯಾರೂ ಹುಡುಗ್ಯಾರನ್ನ ನಿಮ್ಮ ಕೈಯಾಗ ಕೊಡಂಗಿಲ್ಲ ನೋಡ್ರಿ.”

ಅಕ್ಕೋರು ಸೆರಗು ಸರಿಮಾಡಿಕೊಂಡರು. “ಇಲ್ಲಮ್ಮ. ನಾನು ಹೇಳಿಲ್ಲ.”

ಆಯಿ ತಂಗಿಯನ್ನು ನೋಡಿದಳು. ಮೈದಾನದಲ್ಲಿ ಅವಳು ಕೈಯಳತೆಯಲ್ಲಿ ನಿಂತು ಆ ಮಾತು ಕೇಳಿಸಿಕೊಂಡಿದ್ದವಳು. ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿದ್ದಾಗ ನಿಜ ಹೇಳಿದವಳು, ಸಂಜೆ ಕೈ ಬರಿದಿದ್ದಾಗ ನೆಲ ನೋಡುತ್ತ ನಿಂತಳು.

ತಂಡ ಹೋಯಿತು. ನನ್ನ ಬದಲು ಚೆಂಡೆಸೆದವಳು ಅವಳೇ, ನಾನು ಬೀದರಿನಲ್ಲೇ ಬಿಟ್ಟುಹೋಗಿದ್ದ ಕ್ಯಾನ್ವಾಸ್ ಬೂಟು ಹಾಕಿಕೊಂಡು. ನಾನು ಮರಳಿ ಬಂದಾಗ ಬೂಟು ತೊಳೆದು ಬಿಸಿಲಿಗಿಟ್ಟಿದ್ದಳು.

“ಅರ್ಧಾ ಯಾಕ ಹೇಳಿದಿ?” ಎಂದೆ.

“ಪೂರಾ ಹೇಳಿದ್ರ ಯಾರೂ ಹೋಗ್ತಿರಲಿಲ್ಲ ಅಕ್ಕಾ.”

“ಹೋಗದಿದ್ರ ಏನಾಗ್ತಿತ್ತು?”

“ನೀ ಹೋಗೂದಿದ್ರ ಹಿಂಗ ಕೇಳ್ತಿದ್ದಿಯೇನು?”

ಆ ಬೂಟನ್ನು ನಾನು ಮತ್ತೆ ಹಾಕಲಿಲ್ಲ. ಆಮೇಲೆ ಹೈದರಾಬಾದಿಗೆ ಓದಲು ಹೋದೆ, ಪದವಿ ಪಡೆದೆ, ಅವಳ ಮದುವೆಯಲ್ಲಿ ಉಂಡು ಬಂದೆ. ಅಕ್ಕೋರು, ತಂಗಿ ಇಬ್ಬರೂ ನನ್ನನ್ನು ಮಾರಿಕೊಂಡರು ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ.

ದಿನಚರಿಯಲ್ಲಿ ಆ ಸಂಜೆಯ ಪುಟಕ್ಕೆ ಒಂದೇ ಸಾಲು: ‘ನಾನು ಬಾಗಿಲ ಹಿಂದೆ ಇದ್ದೆ.’ ಇದನ್ನು ಮರೆತೇ ಬಿಟ್ಟಿದ್ದೆ. ಆಯಿಯ ಪ್ರಶ್ನೆ ನನಗೂ ಕೇಳಿಸಿತ್ತು. ಮುಂದೆ ಬಂದು, “ಹೌದು ಆಯಿ, ಹೇಳಿದ್ರು” ಎನ್ನಬಹುದಿತ್ತು. ಬೆಳಿಗ್ಗೆ ಸುಳ್ಳಾಡಿದವಳನ್ನು ಸಂಜೆ ಯಾರು ನಂಬುತ್ತಾರೆ ಎಂದು ಸುಮ್ಮನಿದ್ದೆನೋ, ಉಳಿದವರಾದರೂ ಹೋಗಲಿ ಎಂದೋ? ಎರಡನೆಯದು ನಿಜವಾದರೆ ಇಷ್ಟು ವರ್ಷದ ನನ್ನ ಸಿಟ್ಟಿಗೆ ಆಧಾರವೇ ಇಲ್ಲ. ಅದಕ್ಕೇ ಅದನ್ನು ನಂಬಲು ನನ್ನಿಂದ ಆಗುತ್ತಿಲ್ಲವೇನೋ.

ತಂಡ ಹೊರಟ ದಿನ ಭಾಲ್ಕಿಯ ಮನೆಯೊಳಗೆ ಹೊಸ ದಾರ ಕತ್ತಿಗೆ ಒತ್ತುತ್ತಿತ್ತು. ಗಾಡಿಯ ಶಿಳ್ಳೆ ಕೇಳಿತು. ಅದರಲ್ಲಿ ನನಗೆ ಕೈಬೀಸುವವರು ಯಾರೂ ಇರಲಿಲ್ಲ. ಅವರೆಲ್ಲ ಬೀದರಿನಲ್ಲಿ ಅದೇ ಗಾಡಿಗೆ ಕಾಯುತ್ತಿದ್ದರು.