ಮದ್ದುಗುಂಡಿನ ಹಡಗಿನಲ್ಲಿ ಮೆಣಸಿನಕಾಯಿ ಹೊಗೆ

ಜನವರಿ ಬಂತೆಂದರೆ ಬ್ಯಾಡಗಿಯ ಅರ್ಧ ಊರು ಕೆಮ್ಮುತ್ತದೆ. ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿ ಚೀಲ ಸುರಿಯುವಾಗ ಏಳುವ ಘಾಟಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೂಗಿಗೆ ಟವೆಲ್ ಸುತ್ತಿಕೊಂಡು ವ್ಯಾಪಾರ ನಡೆಸುತ್ತಾರೆ. ನಾನು ಮಾತ್ರ ಅಪ್ಪನ ಅಂಗಡಿಯಿಂದ ಎದ್ದು ಹೊರಗೆ ಬಂದುಬಿಡುತ್ತೇನೆ. ಕೈ ತಾನಾಗಿಯೇ ಎದೆಯ ಮೇಲೆ ಲೈಫ್ ಜಾಕೆಟ್ಟಿನ ಪಟ್ಟಿ ಹುಡುಕುತ್ತದೆ. ಹಮಾಲರು ನಗುತ್ತಾರೆ: "ಸಾವ್ಕಾರನ ಮಗಗ ಘಾಟ ತಡಿಯಂಗಿಲ್ಲ ನೋಡ್ರೋ!"

ಎಂಜಿನಿಯರಿಂಗ್ ಓದಿ, ಒಂದು ವರ್ಷ ತರಬೇತಿ ಮುಗಿಸಿ ಸರಕು ಹಡಗಿನ ಎಂಜಿನ್ ಕೋಣೆ ಸೇರಿದ್ದೆ. ಊರಲ್ಲಿ ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ವರ್ಷಗಳು. ಆ ಹಡಗಿನಲ್ಲಿ ಕನ್ನಡ ಮಾತಾಡುವವರು ಇಬ್ಬರೇ, ನಾನು ಮತ್ತು ಅಡುಗೆಯವರು. ಅವರದು ರಾಣೆಬೆನ್ನೂರಿನ ಹತ್ತಿರದ ಹಲಗೇರಿ. ಮುಂಬಯಿಯ ಹೋಟೆಲೊಂದರಿಂದ ಹಡಗಿಗೆ ಬಂದವರು. ನನಗೆ ಅವರು ಕಾಕಾ, ಅವರಿಗೆ ನಾನು ತಮ್ಮಾ.

ಯುರೋಪಿನ ಒಂದು ಬಂದರಿನಲ್ಲಿ ಮರದ ಪೆಟ್ಟಿಗೆಗಳನ್ನು ತುಂಬಿಸಿದರು. ತುಂಬುವಷ್ಟು ಹೊತ್ತೂ ಅಪಾಯದ ಕೆಂಪು ಬಾವುಟ ಹಾರುತ್ತಿತ್ತು. ಕ್ಯಾಪ್ಟನ್ ಎಲ್ಲರನ್ನೂ ಕರೆದು ಹೇಳಿದ: ಇವು ಆಫ್ರಿಕಾದ ಒಂದು ದೇಶದ ಸೈನ್ಯಕ್ಕೆ ಹೋಗುವ ಗುಂಡು, ಶೆಲ್ಲು. ಕಾಗದಪತ್ರ ಎಲ್ಲ ಸರಿಯಾಗಿದೆ. ಬೆಂಕಿಪೊಟ್ಟಣ, ಲೈಟರ್ ಎಲ್ಲವನ್ನೂ ತೆಗೆದುಕೊಂಡ. ಮೊದಲು ಮೆತ್ತಗೆ ಹೆಜ್ಜೆ ಇಡುತ್ತಿದ್ದ ನಾವು ಆಮೇಲೆ ಆ ಪೆಟ್ಟಿಗೆಗಳನ್ನು ಕೆಳಗಿಟ್ಟುಕೊಂಡೇ ಉಂಡು ಮಲಗುವುದನ್ನು ರೂಢಿ ಮಾಡಿಕೊಂಡೆವು.

ದಾರಿಯಲ್ಲಿ ನನಗೆ ಜ್ವರ ಹಿಡಿಯಿತು. ಮಾತ್ರೆಗೂ ಇಳಿಯಲಿಲ್ಲ. ಕಾಕಾ ಗಂಜಿ ತಂದು ಬಳಿಯಲ್ಲಿ ಕೂತರು.

"ಹಾವೇರ್‍ಯಾಗ ಯುನಿಫಾರ್ಮ್ ಹಾಕ್ಕೊಂಡು ಫೋಟೋ ತಗಿಸಿ ಊರಿಗೆಲ್ಲಾ ತೋರಿಸಿಯಲ್ಲ, ದೃಷ್ಟಿ ತಾಗೇತಿ ನಿನಗ."

"ಕಾಕಾ, ಸಮುದ್ರದಾಗ ಯಾರ ದೃಷ್ಟಿ?"

"ಸುಮ್ನಿರು. ಬಾಳ ಓದಿದಾಂವ."

ಮುಷ್ಟಿಯಲ್ಲಿ ಒಣಮೆಣಸಿನಕಾಯಿ, ಹರಳುಪ್ಪು ಹಿಡಿದು ತಲೆಯಿಂದ ಕಾಲಿನವರೆಗೆ ಇಳಿಸಿದರು. ನನ್ನಿಂದ ಥೂ ಥೂ ಅನ್ನಿಸಿದರು. ಅವ್ವ ಹೀಗೆಯೇ ಮಾಡುತ್ತಿದ್ದಳು. ಕಣ್ಣು ಮುಚ್ಚಿದೆ, ಹಿತವೆನಿಸಿತು. ಇಳಿಸಿದ್ದನ್ನು ಮನೆಯಲ್ಲಾದರೆ ಒಲೆಗೆ ಹಾಕುತ್ತಾರೆ. ಹಡಗಿನ ಅಡುಗೆಮನೆಯಲ್ಲಿ ಇದ್ದದ್ದು ಕರೆಂಟಿನ ಕಬ್ಬಿಣದ ಒಲೆ. ಕಾಕಾ ಅದರ ಮೇಲೆ ಹಾಕಿದರು. ಫ್ಯಾನು ಆ ಹೊಗೆಯನ್ನು ಎಳೆದು ಓಣಿ ಓಣಿಗೂ ಹಂಚಿತು.

ಮೊದಲು ಕೆಮ್ಮು. ಆಮೇಲೆ ಯಾರೋ "ಗ್ಯಾಸ್! ಗ್ಯಾಸ್!" ಎಂದು ಕೂಗಿದರು. ಸೈರನ್ ಹೊಡೆಯಿತು. ಕೆಳಗಿನ ಪೆಟ್ಟಿಗೆಗಳಿಗೆ ಬೆಂಕಿ ಬಿದ್ದಿದೆ ಎಂದೇ ಎಲ್ಲರೂ ತಿಳಿದರು. ನಾನೂ ಬನಿಯನ್ ಮೇಲೆ ಜಾಕೆಟ್ ಹಾಕಿಕೊಂಡು ಓಡಿದೆ. ಸಮುದ್ರ ಎದ್ದಿತ್ತು. ಜನ ಹತ್ತಿದ್ದ ಬೋಟು ಹಗ್ಗದಲ್ಲಿ ಜೋತಾಡುತ್ತ ಹಡಗಿನ ಮೈಗೆ ಬಡಿಯುತ್ತಿತ್ತು. ಇನ್ನೊಂದು ಸ್ವಲ್ಪ ಇಳಿಸಿದ್ದರೆ ಅಲೆ ಅದನ್ನು ಮಗುಚುತ್ತಿತ್ತು. ಕಾಲ ಕೆಳಗಿನ ಕಬ್ಬಿಣ ಈಗ ಸಿಡಿಯುತ್ತದೆ, ಈಗ ಸಿಡಿಯುತ್ತದೆ ಎಂದು ನಿಂತಿದ್ದವನಿಗೆ ಉಸಿರೆಳೆದಾಗ ಥಟ್ಟನೆ ಹೊಳೆಯಿತು. ಇದು ನಮ್ಮೂರಿನ ವಾಸನೆ.

"ಮಿರ್ಚಿ! ಅಡುಗೆಮನೆಯಲ್ಲಿ ಮಿರ್ಚಿ ಸುಟ್ಟದ್ದು!" ಎಂದು ಕ್ಯಾಪ್ಟನ್ನಿನ ತೋಳು ಹಿಡಿದು ಕಿರುಚಿದೆ.

ಬೋಟು ಇಳಿಸುವುದು ನಿಂತಿತು. ಅಷ್ಟರಲ್ಲಿ ಒಬ್ಬ ನಾವಿಕನ ಕೈ ಬೋಟಿಗೂ ಹಡಗಿಗೂ ನಡುವೆ ಸಿಕ್ಕು ಜಜ್ಜಿಹೋಗಿತ್ತು.

ಅದು ನನಗಾಗಿ ಮಾಡಿದ್ದು ಎಂದು ಕ್ಯಾಪ್ಟನ್ನಿಗೆ ಮತ್ತೆ ಮತ್ತೆ ಹೇಳಿದೆ. "ಮಾಡಿದ್ದು ಯಾರು?" ಎಂದಷ್ಟೇ ಕೇಳಿದ. ಮುಂದಿನ ಬಂದರಿನಲ್ಲಿ ಕಾಕಾರನ್ನು ಇಳಿಸಿದರು. ಮದ್ದುಗುಂಡಿನ ಹಡಗಿನಲ್ಲಿ ಬೆಂಕಿಯ ನಿಯಮ ಮುರಿದವನೆಂಬ ಷರಾ ಅವರ ದಾಖಲೆಗೆ ಅಂಟಿತು. ಪೆಟ್ಟಿಗೆಗಳನ್ನು ನಾವು ಒಂದೂ ಗೀರಿಲ್ಲದಂತೆ ತಲುಪಿಸಿದೆವು. ಸೈನಿಕರು ಲಾರಿಗೆ ಹೇರಿಕೊಂಡು ಹೋದರು. ಆಮೇಲೊಮ್ಮೆ ಬೇರೊಂದು ಬಂದರಿನ ಟಿವಿಯಲ್ಲಿ ಆ ದೇಶದ ಸಂತೆಯೊಂದು ಉರಿಯುವುದನ್ನು ಕಂಡೆ. ಅದು ನಾವು ಇಳಿಸಿದ್ದರಿಂದಲೇ ಎನ್ನಲಾರೆ. ಅಲ್ಲ ಎಂದೂ ಹೇಳಲಾರೆ.

ರಜೆಗೆ ಬಂದವನು ಮನೆಗಿಂತ ಮೊದಲು ರಾಣೆಬೆನ್ನೂರಿನಲ್ಲಿ ಇಳಿದೆ. ಕಾಕಾ ಅಲ್ಲಿ ಭಾವಮೈದುನನ ಖಾನಾವಳಿಯಲ್ಲಿ ಬಡಿಸುತ್ತಿದ್ದರು.

"ಬರ್ರಿ ಸಾಹೇಬ್ರ, ಕುಂದ್ರಿ."

ತಮ್ಮಾ ಎನ್ನಲಿಲ್ಲ. ನಾನು ಕೂರಲಿಲ್ಲ. "ಕಾಕಾ, ನಾ ಹೇಳದಿದ್ರ ಬೋಟು ಮಗಚತಿತ್ತು."

"ಗೊತ್ತೈತ್ರಿ. ನಾನೂ ಅದs ಬೋಟಿನ ಕಡೆ ಓಡಿ ಬಂದಿದ್ನಲ್ಲ. ನನ್ನ ಹೊಗಿ ಅಂತ ನನಗs ಹೊಳೀಲಿಲ್ಲ." ನಕ್ಕರು. "ನಿಮ್ಮ ಬ್ಯಾಡಗಿ ಕಾಯಿ ಆಗಿದ್ರ ಇಷ್ಟು ಗದ್ಲ ಆಗ್ತಿದ್ದಿಲ್ಲ. ಬರೇ ಬಣ್ಣ, ಖಾರಿಲ್ಲ. ಹಡಗಿಗೆ ರೇಷನ್ ಹಾಕೋ ಮುಂಬೈ ದಲಾಲಿ ಗುಂಟೂರು ಕಾಯಿ ಕೊಟ್ಟಿದ್ದ."

ನೀರು ತಂದಿಟ್ಟು ಮತ್ತೆ ಅಂದರು: "ದೃಷ್ಟಿ ಆಗಿದ್ರ ಘಾಟ ಬರಂಗಿಲ್ಲ. ಅಷ್ಟು ಬಂತಂದ್ರ ನಿಮಗೇನೂ ಆಗಿದ್ದಿಲ್ಲ. ಸುಮ್ ಸುಮ್ನ ಕೆಲಸ ಹೋತು." ಈಗ ನಗಲಿಲ್ಲ. "ಮತ್ತ ಹಡಗ ಹತ್ತಸ್ತೀರೇನು?"

ನಾನು ಆಗಲೇ ವಿಚಾರಿಸಿದ್ದೆ. ಆ ಷರಾ ಕಂಡ ಒಳ್ಳೆಯ ಕಂಪನಿಗಳೆಲ್ಲ ಬೇಡವೆಂದಿದ್ದವು. ಒಂದೇ ಒಂದು ಒಪ್ಪುವಂತಿತ್ತು. ಅದು ಏನನ್ನೂ ಕೇಳದೆ, ಎಂಥ ಸರಕನ್ನೂ ಸಾಗಿಸುವ ಕಂಪನಿ. ಹಾಗೆಂದೇ ಹೇಳಿದೆ.

"ನಾ ಅನ್ನ ಮಾಡಾಂವ. ಕೆಳಗ ಏನಿದ್ರ ನನಗೇನು?" ಎಂದರು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವರ ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು.

"ತಮ್ಮಾ, ಆ ಹಡಗದಾಗ ಏನ್ ಒಯ್ತಾರ?"

"ಗೊತ್ತಿಲ್ಲ, ಕಾಕು."

"ಖರೇ ಹೇಳು."

"ಖರೇನs ಗೊತ್ತಿಲ್ಲ."

ಅವರು ಗಂಡನ ಮುಖ ನೋಡಿದರು. ಆ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಹುರುಪಿತ್ತು. ಮತ್ತೇನೂ ಕೇಳದೆ ಒಳಗೆ ಹೋದರು. ನಾನು ಹೊರಗೆ ಬಂದು ಮುಂಬಯಿಯ ಆ ಕಂಪನಿಗೆ ಫೋನ್ ಮಾಡಿದೆ.

ಕಾಕಾ ಆ ಹಡಗು ಹತ್ತಿದರು. ನಾನು ಮತ್ತೆ ಹತ್ತಲಿಲ್ಲ. ಎಂಜಿನ್ನಿನ ಸದ್ದು ನೆನೆದರೂ ಕಾಲ ಕೆಳಗಿನ ನೆಲ ಸಿಡಿಯುವುದನ್ನೇ ಕಾಯುತ್ತೇನೆ, ಮತ್ತು ಆ ನೆಲದ ಮೇಲೆ ಈಗ ಅವರು ನಿಂತಿದ್ದಾರೆ. ಅವರ ಹೆಂಡತಿ ಆಗಾಗ ಬಸ್ಸು ಹಿಡಿದು ಬ್ಯಾಡಗಿಗೆ ಬರುತ್ತಾರೆ. ಗಂಡನ ಮರ್ಯಾದಿ ನೀನು ತಿರುಗಿ ಕೊಡಿಸಿದಿ ಎಂದು ಕಣ್ಣು ಒರೆಸಿಕೊಂಡು, ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಇಟ್ಟು ಹೋಗುತ್ತಾರೆ. ಅವ್ವ ಬಿಚ್ಚಿ ಬಡಿಸುತ್ತಾಳೆ. ನಾನು ಹಸಿವಿಲ್ಲ ಎನ್ನುತ್ತೇನೆ.

"ಹಸಿವಿಲ್ಲಂದ್ರ ಹೆಂಗ? ಆಕಿ ನಿನಗಂತನs ಮಾಡಿ ತಂದಾಳ," ಎಂದು ಅವ್ವ ತಾಟನ್ನು ನನ್ನ ಮುಂದಕ್ಕೆ ಸರಿಸುತ್ತಾಳೆ.